ಯಾವ ಕಾಂಬಿನೇಷನ್ ಎಂದು ಕೇಳುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ಮೂರು ವಾರ ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಪಿಸಿಎಂಬಿ ತಗೊಳ್ಳೋದೋ ಪಿಸಿಎಂಸಿಯೋ, ಇಲ್ಲೇ ಸರ್ಕಾರಿ ಕಾಲೇಜಿಗೆ ಹಾಕೋದೋ ಮೈಸೂರಿನಲ್ಲಿ ನೀಟ್ ಕೋಚಿಂಗ್ ಸೇರಿಸಿ ಕಲಿಸುವ ಕಡೆಗೆ ಕಳಿಸೋದೋ, ಹಾಸ್ಟೆಲ್ಲೋ ಬಸ್ ಪಾಸೋ. ಸೋದರಮಾವ ಒಂದು ಹೇಳುತ್ತಾರೆ, ಟ್ಯೂಷನ್ ಮೇಷ್ಟ್ರು ಇನ್ನೊಂದು ಹೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲೇ ತೀರ್ಮಾನ ಕೊಟ್ಟುಬಿಡುತ್ತಾನೆ. ಓದಬೇಕಾದ ಮಗು ಬಾಗಿಲ ಹತ್ತಿರ ನಿಂತು ಹ್ಞೂಂ ಎನ್ನುತ್ತದೆ. ಅಲ್ಲಿಗೆ ಅರ್ಜಿ ತುಂಬುವುದೊಂದೇ ಬಾಕಿ.

ಈ ತೀರ್ಮಾನದ ಮೇಲೆ ಮುಂದಿನ ಏಳೆಂಟು ವರ್ಷ ನಿಂತಿರುತ್ತದೆ, ಎಷ್ಟೋ ಸಲ ಇಡೀ ಬಾಳೇ. ಆದರೂ ಅದಕ್ಕೆ ಮೊದಲು ಕೇಳಬೇಕಾದ್ದನ್ನು ಯಾರೂ ಕೇಳಿರುವುದಿಲ್ಲ. ಒಳ್ಳೆಯ ಬದುಕು ಅಂದರೆ ನಿನ್ನ ಮನಸ್ಸಿನಲ್ಲಿ ಏನಿದೆ? ಯಾರನ್ನು ನೋಡಿದರೆ ಹಾಗೆ ಬಾಳಬೇಕು ಅನ್ನಿಸುತ್ತದೆ, ಯಾಕೆ? ತಿಂಗಳಿಗೆ ಎಷ್ಟು ದುಡ್ಡು ಬಂದರೆ ಸಾಕು? ಎಷ್ಟೇ ದುಡ್ಡು ಕೊಟ್ಟರೂ ಮಾಡಲಾರೆ ಅನ್ನುವ ಕೆಲಸ ಯಾವುದು? ಅಪ್ಪ ಅವ್ವನಿಗೆ ವಯಸ್ಸಾದಾಗ ನೀನು ಎಲ್ಲಿರುತ್ತೀಯ ಅಂದುಕೊಂಡಿದ್ದೀಯ? ತತ್ವಶಾಸ್ತ್ರ ಎಂಬ ದೊಡ್ಡ ಹೆಸರಿನ ಒಳಗಿರುವುದು ಬಹುಪಾಲು ಇಂಥ ಪ್ರಶ್ನೆಗಳೇ. ಇವನ್ನು ಹದಿಮೂರು ಹದಿನಾಲ್ಕನೇ ವಯಸ್ಸಿನಿಂದಲೇ ಮಕ್ಕಳ ಮುಂದಿಡಬೇಕು, ಉತ್ತರವನ್ನು ನಾವು ಬಾಯಿಗೆ ತುರುಕಬಾರದು, ಅವರು ಕೊಟ್ಟ ಉತ್ತರ ಹಿಡಿಸದಿದ್ದರೂ ಪೂರ್ತಿ ಕೇಳಿಸಿಕೊಳ್ಳಬೇಕು ಎಂಬುದು ನನ್ನ ವಾದ. ಮೂರರಲ್ಲಿ ಕೊನೆಯದೇ ಕಷ್ಟ. ನಮ್ಮ ಕಡೆ ಸೋಲುತ್ತಿರುವುದೂ ಅಲ್ಲೇ.

"ಆ ವಯಸ್ಸಿಗೆ ಅಷ್ಟೆಲ್ಲ ಎಲ್ಲಿ ತಿಳೀತದೆ ಬುಡಿ" ಎಂಬ ಮಾತು ಮೊದಲು ಬರುತ್ತದೆ. ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರು ಬೇರೆ ಚಿತ್ರ ಕೊಡುತ್ತಾರೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಮಕ್ಕಳು ಕಣ್ಣೆದುರಿಗೆ ಇಲ್ಲದ್ದನ್ನೂ ಊಹಿಸಿ ತರ್ಕ ಮಾಡತೊಡಗುತ್ತಾರೆ ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿದ್ದರು. ಇದು ಹೀಗೇ ಯಾಕಿರಬೇಕು, ಬೇರೆ ಥರ ಇದ್ದಿದ್ದರೆ ಏನಾಗುತ್ತಿತ್ತು ಎಂದು ಏಳನೇ ಕ್ಲಾಸಿನ ಹುಡುಗಿ ತಕರಾರು ತೆಗೆಯುವುದು ಈ ಶಕ್ತಿ ಬಂದದ್ದರಿಂದಲೇ. ನಾವದನ್ನು ಎದುರುಮಾತು ಎಂದು ಕರೆಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನಗಳ ಪ್ರಕಾರ, ಸಮಾಧಾನವಾಗಿ ಕೂತು ಯೋಚಿಸುವ ಸಾಮರ್ಥ್ಯದಲ್ಲಿ ಹದಿನಾರರ ಹರೆಯದವರು ದೊಡ್ಡವರಿಗೆ ಹೆಚ್ಚುಕಡಿಮೆ ಸಮ. ಹಿಂದೆ ಬೀಳುವುದು ಆವೇಗದಲ್ಲಿದ್ದಾಗ, ಗೆಳೆಯರು ಸುತ್ತ ಇದ್ದಾಗ, ಅವಸರ ಇದ್ದಾಗ. ಅಂಥ ಹೊತ್ತಿನ ಹತೋಟಿ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ.

ಈಗ ನಮ್ಮ ಪದ್ಧತಿ ನೋಡಿ. ಮಗು ಚೆನ್ನಾಗಿ ಯೋಚಿಸಬಲ್ಲ ನೆಮ್ಮದಿಯ ದಿನಗಳಲ್ಲಿ, ಅಂದರೆ ಎಂಟು ಒಂಬತ್ತನೇ ಕ್ಲಾಸಿನಲ್ಲಿ, ನಾವು ಏನನ್ನೂ ಕೇಳುವುದಿಲ್ಲ. ಫಲಿತಾಂಶದ ಉದ್ವೇಗ, ನೆಂಟರ ಗದ್ದಲ, ಅರ್ಜಿಯ ಕೊನೆಯ ದಿನಾಂಕ ಎಲ್ಲ ಒಟ್ಟಿಗೆ ಬಿದ್ದಾಗ "ಏನಪ್ಪಾ, ಏನ್ ಮಾಡ್ಬೇಕು ಅಂತಿದ್ದೀಯಾ?" ಎನ್ನುತ್ತೇವೆ. ಯೋಚನೆ ಕೆಡುವ ಹೊತ್ತನ್ನೇ ಹುಡುಕಿ ಕೇಳಿದ ಹಾಗಾಗುತ್ತದೆ.

ಕೇಳದೆ ಹೋದರೆ ಏನು ನಷ್ಟ ಎಂಬುದಕ್ಕೂ ಒಂದು ಹಳೆಯ ಅಧ್ಯಯನ ಉಪಯೋಗಕ್ಕೆ ಬರುತ್ತದೆ. ನಾನು ಯಾರು, ಏನಾಗಬೇಕು ಎಂಬ ಹುಡುಕಾಟವೇ ಹದಿಹರೆಯದ ಮುಖ್ಯ ಕೆಲಸ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ್ದರು. ಆ ಮಾತನ್ನು ಹಿಡಿದು ಜೇಮ್ಸ್ ಮಾರ್ಸಿಯಾ ಎಂಬುವರು ಅಮೆರಿಕದ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ ಅವರ ನಿಲುವೇನು, ಅದಕ್ಕೆ ಹೇಗೆ ಬಂದರು ಎಂದು ಕೇಳಿ 1966ರಲ್ಲಿ ಪ್ರಕಟಿಸಿದರು. ಕೆಲವರಿಗೆ ನಿಲುವೂ ಇರಲಿಲ್ಲ, ಹುಡುಕಾಟವೂ ಇರಲಿಲ್ಲ. ಕೆಲವರು ಇನ್ನೂ ತಡಕಾಡುತ್ತಿದ್ದರು. ಕೆಲವರು ತಡಕಾಡಿ ಒಂದು ಕಡೆ ನಿಂತಿದ್ದರು. ನಾಲ್ಕನೇ ಗುಂಪಿನವರು ಗಟ್ಟಿಯಾಗಿ ನಿಂತಂತೆ ಕಂಡರೂ ಆ ನಿಲುವು ಅಪ್ಪ ಅಮ್ಮನಿಂದ ಹಾಗೇ ಬಂದದ್ದು, ಅವರಾಗಿ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಈ ನಾಲ್ಕನೇ ಗುಂಪಿನವರ ಬಗ್ಗೆ ಮಾರ್ಸಿಯಾ ಕಂಡದ್ದು ನಮ್ಮನ್ನು ನಿಲ್ಲಿಸಬೇಕು. ನಿನ್ನ ಯೋಗ್ಯತೆ ಇಷ್ಟೇ ಎಂದು ಯಾರಾದರೂ ಹೇಳಿದರೆ ಅವರ ಆತ್ಮವಿಶ್ವಾಸ ಬೇಗ ಕುಸಿಯುತ್ತಿತ್ತು, ಮತ್ತು ಸೋತ ಮೇಲೂ ಅವರು ತಮಗೆ ನಿಲುಕದಷ್ಟು ಎತ್ತರದ ಗುರಿಯನ್ನೇ ಹಿಡಿದಿರುತ್ತಿದ್ದರು.

ಓದಿದಾಗ ನನಗೆ ನೆನಪಾದದ್ದು ನಮ್ಮ ಲಾಂಗ್ ಟರ್ಮ್ ಹುಡುಗರು, ಅಂದರೆ ಪಿಯು ಮುಗಿದ ಮೇಲೂ ವರ್ಷಗಟ್ಟಲೆ ಕೋಚಿಂಗ್‌ನಲ್ಲಿ ಕೂತು ಮತ್ತೆ ಮತ್ತೆ ನೀಟ್ ಬರೆಯುವವರು. 2024ರ ನೀಟ್‌ಗೆ ದೇಶದಲ್ಲಿ ಸುಮಾರು 24 ಲಕ್ಷ ಮಂದಿ ಹೆಸರು ಕೊಟ್ಟಿದ್ದರು, ಎಂಬಿಬಿಎಸ್ ಸೀಟುಗಳಿದ್ದದ್ದು ಒಂದು ಲಕ್ಷಕ್ಕೆ ತುಸು ಹೆಚ್ಚು. ಡಾಕ್ಟರಾಗಲೇಬೇಕೆಂದು ತಾನೇ ಯೋಚಿಸಿ ನಿರ್ಧರಿಸಿದವನು ಎರಡನೇ ಸಲ ಕೂತರೆ ಅದು ಛಲ. ಯಾಕೆ ಡಾಕ್ಟರಾಗಬೇಕು ಎಂದು ಒಮ್ಮೆಯೂ ಯೋಚಿಸದವನು ಮೂರನೇ ಸಲ ಕೂರುವಾಗ ಅವನಿಗೆ ಹಿಂದಿರುಗುವ ದಾರಿಯೇ ಗೊತ್ತಿರುವುದಿಲ್ಲ, ಯಾಕೆಂದರೆ ಆ ದಾರಿಗೆ ತಾನಾಗಿ ಬಂದವನೇ ಅಲ್ಲ. ಹಾಗೆಂದು ಅಪ್ಪ ಅವ್ವ ಹೇಳಿದ್ದನ್ನು ಒಪ್ಪುವುದೇ ತಪ್ಪು ಎಂದು ನಾನು ಹೇಳಲಾರೆ. ಮಾರ್ಸಿಯಾ ನೋಡಿದ್ದು ಬೇರೆ ಸಮಾಜ. ಮನೆಯವರ ಮಾತಿನ ನೆರಳಲ್ಲಿ ಮಕ್ಕಳಿಗೆ ಧೈರ್ಯವೂ ಸಿಗುತ್ತದೆ. ಚೆನ್ನಾಗಿ ಯೋಚಿಸಿದ ಮಗಳು ಕೊನೆಗೆ ಅಪ್ಪ ಹೇಳಿದ ದಾರಿಯನ್ನೇ ಹಿಡಿದಳು ಅನ್ನಿ, ಕೋರ್ಸು ಅದೇ, ಕಾಲೇಜೂ ಅದೇ, ಆದರೆ ಕಷ್ಟ ಬಂದಾಗ ನಿಲ್ಲುವ ಬಲ ಬೇರೆ.

ಮಂಡ್ಯದ ಮಕ್ಕಳಿಗೆ ವಿಚಾರ ಮಾಡಲು ವಸ್ತು ಹೊರಗಿನಿಂದ ತರಬೇಕಿಲ್ಲ. 2023ರಲ್ಲಿ ಈ ಜಿಲ್ಲೆಯಿಂದ ಎರಡು ಸುದ್ದಿ ಬಂದವು. ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ಗಂಡುಗಳು, ಹೆಚ್ಚಿನವರು ಬೇಸಾಯಗಾರರು, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ವರ್ಷದ ಕೊನೆಗೆ, ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಈ ಎರಡನ್ನೂ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಲೈಬ್ರರಿಯಲ್ಲಿ, ಪಿಯು ಮಕ್ಕಳ ಮುಂದಿಟ್ಟು, ಇವೆರಡಕ್ಕೂ ಸಂಬಂಧ ಇದೆಯೇ ಎಂದಷ್ಟೇ ಕೇಳಿ ಸುಮ್ಮನೆ ಕೂತಿದ್ದೆ.

"ಹೆಣ್ಣು ಬೇಡ ಅಂದೋರೂ ನಾವೇ, ಹೆಣ್ಣಿಲ್ಲ ಅಂತ ಬೆಟ್ಟ ಹತ್ತೋರೂ ನಾವೇ ಅಲ್ವಾ ಸಾ?" ಎಂದಳು ಒಬ್ಬಳು.

ಅವಳ ಹಿಂದೆ ಕೂತ ಹುಡುಗನಿಗೆ ಸಿಟ್ಟು ಬಂತು. "ಬೆಟ್ಟ ಹತ್ತಿದೋರು ಏನ್ ತಪ್ಪು ಮಾಡವ್ರೆ? ಅಪ್ಪನ ಗದ್ದೆ ನೋಡ್ಕಂಡು ಊರಲ್ಲಿ ಉಳ್ಕಂಡಿದ್ದೇ ತಪ್ಪಾ? ಬೆಂಗ್ಳೂರಲ್ಲಿ ಹದಿನೈದು ಸಾವ್ರಕ್ಕೆ ಸೆಕ್ಯೂರಿಟಿ ಕೆಲ್ಸ ಮಾಡೋನಿಗೆ ಕೊಡ್ತಾರೆ, ಎರಡೆಕರೆ ಕಬ್ಬಿರೋನಿಗೆ ಕೊಡಲ್ಲ."

"ರೈತನ್ನ ಒಲ್ಲೆ ಅಂತ ನಾನೇನೂ ಅನ್ನಲ್ಲ ಕಣೋ" ಎಂದಳು ಇನ್ನೊಬ್ಬ ಹುಡುಗಿ. "ಸಗಣಿ ಬಾಚದು ನಾನು, ಹಾಲು ಕರೆಯದು ನಾನು, ಡೈರಿಗೆ ಹಾಕದು ನಾನು, ಡೈರಿ ದುಡ್ಡು ಮಾತ್ರ ಅತ್ತೆ ಮಾವನ ಕೈಗೆ ಅಂದ್ರೆ ಒಲ್ಲೆ."

ಅರ್ಧ ಗಂಟೆಯೊಳಗೆ ಮಾತು ಎಲ್ಲೆಲ್ಲೋ ಹೋಯಿತು. ದುಡಿದವರಿಗೇ ದುಡ್ಡು ಸಿಗಬೇಕೇ, ಕೆಲಸಕ್ಕೆ ಮರ್ಯಾದೆ ಬರುವುದು ಸಂಬಳದಿಂದಲೋ ಊರಿಂದಲೋ, ಹಿಂದಿನವರು ಮಾಡಿದ ತಪ್ಪಿಗೆ ಇಂದಿನವರು ಹೊಣೆಯೇ. ನ್ಯಾಯ, ಹೊಣೆ, ಘನತೆ ಎಂಬ ಪದಗಳನ್ನು ಯಾರೂ ಬಳಸಲಿಲ್ಲ, ಮಾತೆಲ್ಲ ಅವುಗಳದ್ದೇ. ಸಿಟ್ಟಾಗಿದ್ದ ಹುಡುಗ ಕೊನೆಗೆ ಹೇಳಿದ, ತನಗೆ ವ್ಯವಸಾಯವೇ ಇಷ್ಟ, ಆದರೆ ಮನೆಯಲ್ಲಿ ಇದುವರೆಗೆ ಬಾಯಿಬಿಟ್ಟಿಲ್ಲ ಎಂದು. ಬಿಡುವುದಾದರೂ ಹೇಗೆ? ಚಿಕ್ಕಂದಿನಿಂದ ಅವನು ಕೇಳಿರುವುದು "ಓದದಿದ್ರೆ ಗೇಯ್ಕಂಡಿರಬೇಕಾಯ್ತದೆ ನೋಡು" ಎಂಬುದನ್ನೇ. ಕೃಷ್ಣರಾಜಸಾಗರದ ನೀರು ಹರಿದು ಬದುಕು ಕಟ್ಟಿಕೊಂಡ ಜಿಲ್ಲೆಯಲ್ಲಿ ನೇಗಿಲನ್ನು ಮಕ್ಕಳಿಗೆ ಶಿಕ್ಷೆಯಾಗಿ ತೋರಿಸಿದ್ದೇವೆ. ಬೇಸಾಯದ ನಷ್ಟ, ಸಾಲ, ಬೆಲೆಯ ಏರುಪೇರು ಎಲ್ಲ ನಿಜ, ಅವನ ಅಪ್ಪನ ಭಯಕ್ಕೆ ಕಾರಣವಿದೆ. ಆ ಭಯವನ್ನು ಲೆಕ್ಕದ ಸಮೇತ ಮಗನ ಮುಂದಿಟ್ಟು, ಮಗನ ಲೆಕ್ಕವನ್ನೂ ಕೇಳಬಹುದಿತ್ತಲ್ಲ. ಎಕರೆಗೆ ಎಷ್ಟು ಟನ್, ಕಟಾವಿಗೆ ಎಷ್ಟು, ಕೈಗೆ ಉಳಿಯುವುದು ಎಷ್ಟು ಎಂಬ ಮಾತುಕತೆಯಲ್ಲೇ ಎಂಥ ಬದುಕು ಬೇಕು ಎಂಬ ಮಾತುಕತೆಯೂ ಅಡಗಿದೆ.

ಹರೆಯದವರ ವಿಚಾರ ಶುರುವಾಗುವುದೇ ಹಿರಿಯರ ನಡೆ ನುಡಿಯ ನಡುವಿನ ಅಂತರದಿಂದ. ಕಠೋಪನಿಷತ್ತಿನ ನಚಿಕೇತ ಯಮನ ಬಾಗಿಲಿಗೆ ಹೋಗಿ ಸಾವಿನ ಗುಟ್ಟು ಕೇಳಿದ್ದು ಎಲ್ಲರಿಗೂ ಗೊತ್ತು. ಆದರೆ ಕತೆ ಶುರುವಾಗುವುದು ಅವನಪ್ಪ ಯಜ್ಞದಲ್ಲಿ ದಾನ ಕೊಡುತ್ತಿದ್ದ ಹಸುಗಳಿಂದ. ಕೊನೆಯ ನೀರು ಕುಡಿದಾಗಿದೆ, ಕೊನೆಯ ಹುಲ್ಲು ಮೇಯ್ದಾಗಿದೆ, ಕೊನೆಯ ಹಾಲು ಕರೆದಾಗಿದೆ, ಅಂಥ ಗೊಡ್ಡು ಹಸುಗಳು. ಅದನ್ನು ಕಂಡ ಹುಡುಗ ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ಮೂರು ಸಲ ಕೇಳಿದ. ಅಪ್ಪನಿಗೆ ರೇಗಿ ಹೋಯಿತು, ಯಮನಿಗೆ ಕೊಡುತ್ತೇನೆ ಎಂದುಬಿಟ್ಟ. ಮಕ್ಕಳು ಯೋಚಿಸಲಿ ಎಂದು ಬಯಸುವವರು ತಮ್ಮ ಹಸುಗಳ ಬಗ್ಗೆಯೂ ಪ್ರಶ್ನೆ ಬರುತ್ತದೆ ಎಂದು ಮೊದಲೇ ತಿಳಿದಿರಬೇಕು.

ಬಂದೇ ಬರುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆಯುವ ಮಕ್ಕಳಿಗೆ ಈ ಎರಡು ಅಂಕಿಗಳ ಅರ್ಥ ಚೆನ್ನಾಗಿ ಗೊತ್ತು. ಕ್ಯಾಮೆರಾ ಇಲ್ಲದ ವರ್ಷಗಳಲ್ಲಿ ಕಣ್ಣುಮುಚ್ಚಿಕೊಂಡವರು ದೊಡ್ಡವರು ಎಂಬುದೂ ಗೊತ್ತು. ನೀತಿ ಪಾಠ ಸೋಲುವುದು ಇಲ್ಲೇ. ಅದರಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ, ಮಗು ಅದನ್ನು ಬಾಯಿಪಾಠ ಒಪ್ಪಿಸಿ ಹೊರಗೆ ಬರುತ್ತದೆ. ಸುತ್ತ ಎಲ್ಲರೂ ನಕಲು ಮಾಡುವಾಗ ನೀನೊಬ್ಬ ಮಾಡದಿದ್ದರೆ ನಷ್ಟ ಯಾರಿಗೆ, ಲಾಭ ಯಾರಿಗೆ, ಆದರೂ ಮಾಡಬಾರದು ಅನ್ನುವುದಕ್ಕೆ ಕಾರಣ ಕೊಡಬಲ್ಲೆಯಾ ಎಂದು ಕೇಳಿ ನೋಡಿ, ಇಡೀ ಕ್ಲಾಸು ಎಚ್ಚರಾಗುತ್ತದೆ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಎಂದು 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ಹೇಳುತ್ತದೆ. ಪ್ರಶ್ನೆ ಕೇಳಿದ ಮಗು ಆ ಕರ್ತವ್ಯವನ್ನೇ ಮಾಡುತ್ತಿದೆ.

ಹೊಟ್ಟೆ ತುಂಬಿದವರ ಮಕ್ಕಳಿಗೆ ಇದೆಲ್ಲ ಸರಿ, ಬಡವರ ಮಕ್ಕಳಿಗೆ ಮೊದಲು ಕೆಲಸ ಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ನನಗೆ ಕಾಣುವುದು ಇದರ ತಿರುವುಮುರುವು. ಕುವೆಂಪುನಗರದ ಅನುಕೂಲಸ್ಥರ ಮಗ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಿಟ್ಟು ಡಿಸೈನ್ ಓದಲು ಹೊರಟರೆ ಮನೆಯವರು ಗೊಣಗುತ್ತಲೇ ಫೀಸು ಕಟ್ಟುತ್ತಾರೆ. ಒಡವೆ ಅಡವಿಟ್ಟು ಮಗಳನ್ನು ಕಾಲೇಜಿಗೆ ಸೇರಿಸಿದ ನಾಗಮಂಗಲದ ಮನೆಗೆ ಎರಡನೇ ಅವಕಾಶ ಇಲ್ಲ. ಆಯ್ಕೆ ತಪ್ಪಿದರೆ ಸರಿಮಾಡಿಕೊಳ್ಳಲು ಯಾರ ಹತ್ತಿರ ದುಡ್ಡಿಲ್ಲವೋ ಅವರ ಮಕ್ಕಳೇ ಆಯ್ಕೆಗೆ ಮೊದಲು ಹೆಚ್ಚು ಯೋಚಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯಿತು. ಶ್ರೀರಂಗಪಟ್ಟಣದ ಆಚೆಯ ಹಳ್ಳಿಯ ಹುಡುಗಿಗೆ ಈಗ ಮೈಸೂರಿನ ಕಾಲೇಜು ಕೈಗೆಟಕುವ ಆಯ್ಕೆ. ದಾರಿ ತೆರೆದಷ್ಟೂ ಎತ್ತ ಹೋಗಬೇಕೆಂಬ ಪ್ರಶ್ನೆ ದೊಡ್ಡದಾಗುತ್ತದೆ.

ಶಾಲೆಯಲ್ಲಿ ಇದನ್ನು ಮಾಡುವುದು ಹೇಗೆ ಎಂಬುದಕ್ಕೆ ಮಾದರಿಗಳಿವೆ. ಫ್ರಾನ್ಸಿನಲ್ಲಿ ಶಾಲೆಯ ಕೊನೆಯ ವರ್ಷ ತತ್ವಶಾಸ್ತ್ರ ಓದಲೇಬೇಕು, ನಾಲ್ಕು ಗಂಟೆಯ ಲಿಖಿತ ಪರೀಕ್ಷೆಯೂ ಇದೆ. ನಮ್ಮಲ್ಲಿ ಅದನ್ನು ತಂದರೆ ಮರುವರ್ಷವೇ ಗೈಡು ಬಂದುಬಿಡುತ್ತದೆ, ಆದ್ದರಿಂದ ನನಗೆ ಆ ದಾರಿ ಬೇಡ. ಅಮೆರಿಕದಲ್ಲಿ ತತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಮ್ಯಾಥ್ಯೂ ಲಿಪ್‌ಮನ್ 1970ರ ದಶಕದಲ್ಲಿ ಬೆಳೆಸಿದ ಪದ್ಧತಿ ನಮಗೆ ಹತ್ತಿರ. ಮಕ್ಕಳು ದುಂಡಗೆ ಕೂರುತ್ತಾರೆ, ಒಂದು ಕತೆ ಓದುತ್ತಾರೆ, ಪ್ರಶ್ನೆಗಳನ್ನು ಅವರೇ ಎತ್ತುತ್ತಾರೆ, ಒಂದನ್ನು ಆರಿಸಿ ಚರ್ಚಿಸುತ್ತಾರೆ. ಮೇಷ್ಟ್ರ ಕೆಲಸ "ಯಾಕೆ ಹಾಗನ್ನುತ್ತೀಯ?", "ಅವಳು ಹೇಳಿದ್ದಕ್ಕೆ ನಿನ್ನ ಉತ್ತರವೇನು?" ಎಂದು ಕೇಳುವುದು. ಕತೆಯ ಜಾಗದಲ್ಲಿ ಆ ದಿನದ ಪತ್ರಿಕೆಯ ಒಂದು ಸುದ್ದಿ ಇದ್ದರೂ ನಡೆಯುತ್ತದೆ. ಇದರಿಂದ ಮಾರ್ಕ್ಸ್ ಹೆಚ್ಚುತ್ತದೆ ಎಂದು ಆಸೆ ತೋರಿಸಿ ಮಾರಬಾರದು. ಇಂಗ್ಲೆಂಡಿನ 48 ಶಾಲೆಗಳಲ್ಲಿ ನಡೆದ ಪ್ರಯೋಗದ 2015ರ ವರದಿಯಲ್ಲಿ ಓದು ಮತ್ತು ಗಣಿತದಲ್ಲಿ ಸ್ವಲ್ಪ ಲಾಭ ಕಂಡಿತ್ತು, ಮುಂದೆ ಇನ್ನೂ ದೊಡ್ಡದಾಗಿ ನಡೆಸಿ ನೋಡಿದಾಗ ಆ ಲಾಭ ಕಾಣಲಿಲ್ಲ. ಮಗು ತನ್ನ ಮಾತಿಗೆ ಕಾರಣ ಕೊಡಲು ಕಲಿತರೆ ಅದೇ ಫಲ ಎಂದುಕೊಂಡು ಕೂರುವವರು ಮಾತ್ರ ಇದಕ್ಕೆ ಕೈಹಾಕಬೇಕು.

ಮೈಸೂರಿಗೆ ಇದು ಹೊಸದಲ್ಲ. ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. 1918ರಿಂದ 1921ರವರೆಗೆ ಎಸ್. ರಾಧಾಕೃಷ್ಣನ್ ಇಲ್ಲಿ ತತ್ವಶಾಸ್ತ್ರ ಕಲಿಸಿದರು, ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಹೋದರು. ಭಾರತೀಯ ತತ್ವಶಾಸ್ತ್ರದ ದೊಡ್ಡ ವಿದ್ವಾಂಸ ಎಂ. ಹಿರಿಯಣ್ಣನವರು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಇಂದಿಗೂ ಪಿಯು ಪಠ್ಯದಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯ, ಆದರೆ ಅದು ಇರುವುದು ಕಲಾ ವಿಭಾಗದ ಪಾಲಿಗೆ. ಆರ್ಟ್ಸ್ ಎಂದರೆ ಮಾರ್ಕ್ಸ್ ಬರದವರಿಗೆ ಎಂಬ ಮಾತು ಬೇರೂರಿರುವಾಗ, ಸರಿಯಾಗಿ ಯೋಚಿಸುವುದನ್ನು ಕಲಿಸುವ ವಿಷಯ ಸೈನ್ಸ್ ಮಕ್ಕಳ ಕಣ್ಣಿಗೂ ಬೀಳುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಸ್ವಲ್ಪವೇ. ಎದುರಿಗೆ ಕೂರಿಸಿಕೊಂಡು ಕೇಳಬೇಡಿ, ಅದು ವಿಚಾರಣೆಯಾಗುತ್ತದೆ. ಬೈಕಿನಲ್ಲಿ ಹೋಗುವಾಗ, ಅವರೆಕಾಯಿ ಸುಲಿಯುವಾಗ, ಕುಕ್ಕರಹಳ್ಳಿ ಕೆರೆ ಸುತ್ತುವಾಗ ಮಾತು ತಾನಾಗಿ ಬರುತ್ತದೆ. ಕೇಳುವ ಮೊದಲು ನಿಮ್ಮದನ್ನು ಹೇಳಿ: ನೀವು ಹದಿನೇಳರಲ್ಲಿ ಏನಾಗಬೇಕು ಅಂದುಕೊಂಡಿದ್ದಿರಿ, ಯಾಕೆ ಆಗಲಿಲ್ಲ, ಈಗ ಅದರ ಬಗ್ಗೆ ಏನನ್ನಿಸುತ್ತದೆ. ಮಗಳು ತನಗೆ ದೇವರಲ್ಲಿ ನಂಬಿಕೆ ಇಲ್ಲ ಎಂದಳು, ಅಥವಾ ನಿಮಗಿಂತ ಹೆಚ್ಚು ನಂಬಿಕೆ ಇದೆ ಎಂದಳು, ಅಥವಾ ಮದುವೆ ಬೇಡ, ಪೊಲೀಸ್ ಆಗುತ್ತೇನೆ ಎಂದಳು ಅಂತಿಟ್ಟುಕೊಳ್ಳಿ. "ನೋಡಣ ಬುಡು" ಎಂದು ಅಲ್ಲಿಗೇ ಮುಚ್ಚಬೇಡಿ. ಯಾಕೆ ಎಂದು ಕೇಳಿ. ಕಾರಣ ಬಲವಿಲ್ಲದ್ದು ಅನ್ನಿಸಿದರೆ ಅದನ್ನೂ ಹೇಳಿ. ಕಾರಣಕ್ಕೆ ಕಾರಣ ಸಿಗುವ ಜಾಗ ಇದು ಎಂದು ಮಗುವಿಗೆ ಗೊತ್ತಾದರೆ ಮುಂದಿನ ಮಾತಿಗೂ ಬರುತ್ತದೆ.

ಒಂದು ಎಚ್ಚರ ಬೇಕು. ಬದುಕಿನ ಅರ್ಥದ ಬಗ್ಗೆ ಯೋಚಿಸುವುದು ಬೇರೆ, ಬದುಕೇ ಬೇಡ ಅನ್ನಿಸುವುದು ಬೇರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ನಿದ್ದೆ, ಊಟ, ಗೆಳೆಯರು ಎಲ್ಲದರಿಂದ ದೂರ ಸರಿಯುತ್ತಿರುವ ಮಗುವಿಗೆ ಚರ್ಚೆಗಿಂತ ಮೊದಲು ಆಪ್ತ ಸಮಾಲೋಚಕರ ನೆರವು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಸಮಾಲೋಚಕರಿರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇದ್ದಾರೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಬಹುದು.

ಉಳಿದದ್ದು ಮೇಷ್ಟ್ರುಗಳ ಮಾತು. ಪಾಠ ಮುಗಿಸಲೇ ಪೀರಿಯಡ್ ಸಾಲದು ಎನ್ನುತ್ತಾರೆ, ಅದು ಸುಳ್ಳಲ್ಲ. ವಾರಕ್ಕೊಂದು ಪೀರಿಯಡ್ ಸಿಕ್ಕರೂ ಉತ್ತರ ಹೇಳದೆ ಸುಮ್ಮನಿರುವುದಕ್ಕೆ ತರಬೇತಿ ಬೇಕು, ಹೇಳಿಕೊಡುವುದೇ ವೃತ್ತಿಯಾದವರಿಗೆ ಅದು ಸುಲಭವಲ್ಲ. 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ, ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಜಿಲ್ಲೆಗೊಂದಿದೆ. ಬೇಸಿಗೆ ರಜೆಯ ತರಬೇತಿಯಲ್ಲಿ ಎರಡು ದಿನ ಇದಕ್ಕೆ ಕೊಡಲಿ. ಮೊದಲ ದಿನ ಮೇಷ್ಟ್ರುಗಳೇ ದುಂಡಗೆ ಕೂತು, ತಾವು ಈ ವೃತ್ತಿಗೆ ಯಾಕೆ ಬಂದೆವು ಎಂಬ ಪ್ರಶ್ನೆಯಿಂದ ಶುರುಮಾಡಲಿ. ಎಂಟು ಒಂಬತ್ತನೇ ಕ್ಲಾಸಿನ ಮಕ್ಕಳ ಸರದಿ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಬರಲಿ, ಫಲಿತಾಂಶದ ಗದ್ದಲಕ್ಕೆ ಇನ್ನೂ ಒಂದೆರಡು ವರ್ಷ ಇರುವಾಗಲೇ.